ರುಚಿಯೂ ಹಿತವೂ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಊಟ ಬಲ್ಲವನಾಗುವುದೆಂದರೇನು ಎಂದು ಯೋಚಿಸುವವರು ಇನ್ನೂ ವಿರಳ. ಮನೆಯ ಅಡುಗೆಯ ವಿಚಾರ ಬಂದಾಗ ಇಂದು ಸಾಮಾನ್ಯವಾಗಿ ಮೂರು ಆಕ್ಷೇಪಗಳು ಕೇಳಿಬರುತ್ತವೆ. ದೇಹಕ್ಕೆ ಹಿತವಾದುದು ನಾಲಗೆಗೆ ರುಚಿಸದು ಎಂಬುದು ಮೊದಲನೆಯದು. ಅಂಥ ಅಡುಗೆಗೆ ಖರ್ಚು ಹೆಚ್ಚು ಎಂಬುದು ಎರಡನೆಯದು. ಅದನ್ನು ಮಾಡಲು ಈ ಕಾಲದಲ್ಲಿ ಯಾರಿಗೂ ಬಿಡುವಿಲ್ಲ ಎಂಬುದು ಮೂರನೆಯದು. ಈ ಮೂರು ಮಾತುಗಳನ್ನು ಒಪ್ಪಿಕೊಂಡರೆ ಪೇಟೆಯ ಪೊಟ್ಟಣವೇ ಗತಿ ಎನ್ನಬೇಕಾಗುತ್ತದೆ. ಒಪ್ಪುವ ಮುನ್ನ ಅವುಗಳನ್ನು ನಿಜವಾದ ಒಂದು ಊಟದ ತಾಟಿನ ಮುಂದಿಟ್ಟು ಪರೀಕ್ಷಿಸುವುದು ಲೇಸು.

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಇಂಡಿ ತಾಲ್ಲೂಕಿಗೆ ಸೇರಿದ ಹೊರ್ತಿ ಎಂಬ ಊರಿದೆ. ಸುತ್ತಲಿನದು ಮಳೆ ಕಡಿಮೆಯಾದ ಬಯಲುಸೀಮೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಜಿಲ್ಲೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಕ್ಕಲು ಮನೆತನಗಳು ತಲೆತಲಾಂತರದಿಂದ ಹಿಂಗಾರಿ ಜೋಳವನ್ನು ನಂಬಿ ಬಾಳಿವೆ. ಮುಂಗಾರು ಮುಗಿಯುತ್ತ ಬಂದಾಗ ಬಿತ್ತಿದ ಜೋಳ, ನೆಲದೊಳಗಿನ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ಆಶ್ರಯಿಸಿ ಬೆಳೆದು, ಬೇಸಗೆಯ ಆರಂಭದಲ್ಲಿ ಕಣಕ್ಕೆ ಬರುತ್ತದೆ. ಡೋಣಿಯ ದಂಡೆ ಬೆಳೆದರೆ ಓಣಿಯೆಲ್ಲ ಕಾಳು ಎಂದು ಈ ಸೀಮೆಯ ಜನ ಹೆಮ್ಮೆಯಿಂದ ಹೇಳುವುದುಂಟು.

ಇಂಥ ಊರಿನ ಒಂದು ಮನೆಯ ಮಧ್ಯಾಹ್ನದ ತಾಟನ್ನು ಗಮನಿಸಬೇಕು. ಅದರಲ್ಲಿ ಎರಡು ಬಿಸಿ ಜೋಳದ ರೊಟ್ಟಿ. ಪಕ್ಕದಲ್ಲಿ ಮಡಿಕೆಕಾಳಿನ ಉಸುಳಿ. ಶೇಂಗಾ ಪುಡಿ ತುಂಬಿದ ಬದನೆಕಾಯಿಯ ಪಲ್ಯ. ಹಸಿ ಮೆಂತ್ಯದ ಸೊಪ್ಪು, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ. ಒಂದು ಚಿಟಿಕೆ ಅಗಸೆಯ ಹಿಂಡಿ. ಒಂದು ಬಟ್ಟಲು ಮೊಸರು. ಕೊನೆಗೆ ಇಂಡಿಯ ಲಿಂಬೆಯ ಒಂದು ಹೋಳು. ಇದು ಹಬ್ಬದ ಊಟವಲ್ಲ, ಶ್ರೀಮಂತರ ಊಟವೂ ಅಲ್ಲ. ಹೊಲದಿಂದ ಬಂದ ರೈತನೂ ಶಾಲೆಯಿಂದ ಬಂದ ಹುಡುಗಿಯೂ ಒಟ್ಟಿಗೆ ಕುಳಿತು ಉಣ್ಣುವ ದಿನನಿತ್ಯದ ಊಟ.

ಮೊದಲು ರುಚಿಯ ವಿಚಾರ. ಎಣ್ಣೆ, ಸಕ್ಕರೆ, ಉಪ್ಪು ಹೆಚ್ಚಿದಷ್ಟೂ ರುಚಿ ಹೆಚ್ಚುತ್ತದೆಂಬುದು ಒಂದು ಭ್ರಮೆ. ರುಚಿಯು ವೈವಿಧ್ಯದಿಂದ ಹುಟ್ಟುತ್ತದೆ. ಆ ತಾಟಿನಲ್ಲಿ ರೊಟ್ಟಿಯ ಮೃದುತ್ವಕ್ಕೆ ಮೂಲಂಗಿಯ ಗರಿಗರಿ ಎದುರಾಗುತ್ತದೆ. ಸೊಪ್ಪಿನ ಒಗರಿಗೆ ಮೊಸರಿನ ಹುಳಿ ಜೊತೆಯಾಗುತ್ತದೆ. ಹಿಂಡಿಯ ಖಾರವನ್ನು ಶೇಂಗಾದ ಕಮ್ಮನೆಯ ಜಿಡ್ಡು ತಣಿಸುತ್ತದೆ. ರುಚಿಗೆ ಇನ್ನೊಂದು ಕಾರಣ ತಾಜಾತನ. ಗಿರಣಿಯಿಂದ ಆಗತಾನೆ ಬಂದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತದೆ. ಹಿಟ್ಟು ಹಳತಾದರೆ ಜಿಗಿ ತಪ್ಪಿ ಅಂಚು ಒಡೆಯುತ್ತದೆ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆ ಕೊರತೆಯನ್ನು ಬಿಸಿನೀರೂ ಕೈಯ ಹದವೂ ತುಂಬುತ್ತವೆ. ಚಳಿಗಾಲದಲ್ಲಿ ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಸೀತನಿಯನ್ನು ಶೇಂಗಾ ಹಿಂಡಿಯೊಡನೆ ತಿಂದವರಾರೂ ಹಿತವಾದುದು ರುಚಿಸದೆಂದು ಹೇಳಲಾರರು. ನಾಲಗೆ ಅಭ್ಯಾಸದ ಶಿಶು. ಬಾಲ್ಯದಲ್ಲಿ ಅದಕ್ಕೆ ಏನನ್ನು ಕಲಿಸಿದರೆ ಮುಪ್ಪಿನವರೆಗೂ ಅದು ಅದನ್ನೇ ಬೇಡುತ್ತದೆ.

ಇನ್ನು ಹಿತದ ವಿಚಾರ. ಭಾರತೀಯ ಆಹಾರಪದಾರ್ಥಗಳ ಪೋಷಕಾಂಶಗಳನ್ನು ಅಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ 10 ಗ್ರಾಂ ನಾರಿನಂಶವೂ ಇವೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸಸಾರಜನಕ ಸುಮಾರು 8 ಗ್ರಾಂ. ನಾರಿನಂಶ 3 ಗ್ರಾಮಿಗೂ ಕಡಿಮೆ. ಜೋಳ, ಸಜ್ಜೆ, ರಾಗಿ, ನವಣೆಗಳಂಥ ಧಾನ್ಯಗಳ ಮಹತ್ತ್ವವನ್ನು ಜಗತ್ತಿಗೆ ನೆನಪಿಸಲು ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಹೊರ್ತಿಯ ಅಜ್ಜಿಯರಿಗೆ ಈ ಸುದ್ದಿ ಹೊಸದೇನೂ ಆಗಿರಲಿಕ್ಕಿಲ್ಲ.

ಆದರೆ ಇಲ್ಲಿ ಎಚ್ಚರದ ಒಂದು ಮಾತನ್ನು ಹೇಳಲೇಬೇಕು. ಹಳೆಯದೆಲ್ಲ ಹಿತವೆಂದು ಕಣ್ಣುಮುಚ್ಚಿ ನಂಬುವುದೂ ಊಟ ಬಲ್ಲವರ ಲಕ್ಷಣವಲ್ಲ. ದಖ್ಖನ್ ಪ್ರದೇಶದಲ್ಲಿ ಜೋಳವೊಂದನ್ನೇ ಉಂಡು ಬಾಳುತ್ತಿದ್ದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಗುವೆಡೆಯಲ್ಲಿ ಚರ್ಮ ಕಪ್ಪಾಗಿ ಒಡೆಯುವುದು, ಭೇದಿಯಾಗುವುದು, ಮನಸ್ಸು ಕುಗ್ಗುವುದು ಇದರ ಚಿಹ್ನೆಗಳು. ಮೆಕ್ಕೆಜೋಳವನ್ನೇ ನೆಚ್ಚಿದ್ದ ಅಮೆರಿಕದ ಬಡವರಲ್ಲಿಯೂ ಈ ರೋಗವಿತ್ತು; ಅದು ಅಂಟುರೋಗವಲ್ಲ, ಆಹಾರದ ಕೊರತೆಯಿಂದ ಬರುವುದೆಂದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ತೋರಿಸಿಕೊಟ್ಟರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶದ ಆಧಿಕ್ಯವೂ ಇದಕ್ಕೆ ಕಾರಣವೆಂದು ಹೈದರಾಬಾದಿನಲ್ಲಿ ಸಂಶೋಧನೆ ನಡೆಸಿದ ಡಾಕ್ಟರ್ ಸಿ. ಗೋಪಾಲನ್ ಮತ್ತು ಡಾಕ್ಟರ್ ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಪ್ರತಿಪಾದಿಸಿದರು. ಹಾಗಾದರೆ ಜೋಳ ಕೆಟ್ಟದ್ದೆ? ಅಲ್ಲ, ಜೋಳ ಒಂಟಿಯಾದುದು ಕೆಟ್ಟದ್ದು. ರೊಟ್ಟಿಯಲ್ಲಿ ಇಲ್ಲದುದನ್ನು ಕಾಳು, ಶೇಂಗಾ, ಮೊಸರುಗಳು ಪೂರೈಸುತ್ತವೆ. ಸೊಪ್ಪು ಮತ್ತು ಕಾಳಿನ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಲಿಂಬೆಯ ರಸ ನೆರವಾಗುತ್ತದೆ. ಆರೋಗ್ಯವಿರುವುದು ಯಾವುದೋ ಒಂದು ಧಾನ್ಯದಲ್ಲಲ್ಲ, ಇಡೀ ತಾಟಿನಲ್ಲಿ.

ಇದೇ ನ್ಯಾಯವನ್ನು ಉಪ್ಪಿಗೂ ಅನ್ವಯಿಸಬೇಕು. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚೆಗೂ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಖಾರದ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರನ್ನೂ ದಿನವೂ ಧಾರಾಳವಾಗಿ ತಿನ್ನುವವನು ಮನೆಯಲ್ಲಿಯೇ ಕುಳಿತು ಈ ಮಿತಿಯನ್ನು ದಾಟುತ್ತಾನೆ. ಮನೆಯ ಅಡುಗೆ ಎಂಬ ಹೆಸರೇ ಯಾವ ಅಡುಗೆಯನ್ನೂ ಪವಿತ್ರಗೊಳಿಸಲಾರದು.

ಖರ್ಚಿನ ಆಕ್ಷೇಪಕ್ಕೆ ಉತ್ತರ ಸುಲಭ. ಆ ತಾಟಿನ ಪದಾರ್ಥಗಳಲ್ಲಿ ಹೆಚ್ಚಿನವು ನೆರೆಹೊರೆಯ ಹೊಲಗಳಲ್ಲಿ ಬೆಳೆದವು. ದೂರದ ಸಾಗಣೆಗಾಗಲಿ, ಬಣ್ಣದ ಹೊದಿಕೆಗಾಗಲಿ, ಜಾಹೀರಾತಿಗಾಗಲಿ ಹಣ ತೆರಬೇಕಿಲ್ಲ. ಇಂಡಿಯ ಲಿಂಬೆ 2023ರಲ್ಲಿ ಭೌಗೋಳಿಕ ಗುರುತನ್ನು ಪಡೆದು ಹೆಸರಾಗಿದ್ದರೂ ಆ ಊರಿನವರಿಗೆ ಅದು ಬೇಲಿಯಾಚೆಯ ಹಣ್ಣೇ. ಒಂದು ಹಿಡಿ ಮಡಿಕೆಕಾಳನ್ನು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆಯೊಡೆದು ಹಲವರಿಗೆ ಪಲ್ಯವಾಗುತ್ತದೆ. ಪೊಟ್ಟಣದ ಕುರುಕಲಿನಲ್ಲಿ ತೂಕಕ್ಕಿಂತ ಗಾಳಿಯೇ ಹೆಚ್ಚು ಎಂಬುದನ್ನು ಅದನ್ನು ಹರಿದು ನೋಡಿದ ಯಾವ ಬಾಲಕನೂ ಬಲ್ಲ.

ಉಳಿದುದು ಮೂರನೆಯ ಆಕ್ಷೇಪ. ಇದು ಮೊದಲಿನೆರಡರಂತೆ ಹಗುರವಾದುದಲ್ಲ. ಬುಟ್ಟಿ ತುಂಬ ರೊಟ್ಟಿ ಬಡಿಯಲು ಬೆವರು ಬೇಕು, ವೇಳೆ ಬೇಕು. ಹೊರ್ತಿಯ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಒಂದು ಸಂಭಾಷಣೆಯನ್ನು ಊಹಿಸಿಕೊಳ್ಳಬಹುದು. ಶಾಲೆಯಿಂದ ಬಂದ ಮಗ ಬುಟ್ಟಿಯ ಮುಚ್ಚಳ ತೆಗೆದು, “ಯವ್ವಾ, ದಿನಾ ಬರೀ ರೊಟ್ಟಿನ ಏನು?” ಎಂದು ಮುಖ ಸಿಂಡರಿಸುತ್ತಾನೆ. ತಾಯಿ ಒಲೆಯ ಮುಂದಿನಿಂದಲೇ, “ದಿನಾ ತಿನ್ನಾಕ ನಿನಗ ಬ್ಯಾಸರಾದ್ರ, ದಿನಾ ಬಡ್ಯಾಕ ನನಗ ಬ್ಯಾಸರ ಆಗೂದಿಲ್ಲೇನಪಾ?” ಎನ್ನುತ್ತಾಳೆ. ಮಗನ ಪ್ರಶ್ನೆಗೆ ಉತ್ತರ ಹೇಳುವವರು ಬಹಳ ಮಂದಿ. ತಾಯಿಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಬಾಯಿ ತೆರೆಯುವುದಿಲ್ಲ.

ಭಾರತ ಸರಕಾರದ ಅಂಕಿಅಂಶ ಇಲಾಖೆಯು 2019ರಲ್ಲಿ ದೇಶದ ಜನ ತಮ್ಮ ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಪುರುಷರು 97 ನಿಮಿಷಗಳನ್ನು. ಅದೂ ಆ ಕೆಲಸಕ್ಕೆ ಕೈಹಾಕಿದ ಪುರುಷರು ನೂರಕ್ಕೆ 26 ಮಂದಿ ಮಾತ್ರ. ಸ್ತ್ರೀಯರಾದರೋ ನೂರಕ್ಕೆ 81 ಮಂದಿ. ಈ ಸೀಮೆಯ ಹೆಣ್ಣುಮಗಳು ಅಡುಗೆಯನ್ನಷ್ಟೇ ಮಾಡುವವಳಲ್ಲ. ಕಳೆ ತೆಗೆಯುವುದು, ಬೆಳೆ ಕೊಯ್ಯುವುದು, ದನಗಳಿಗೆ ಮೇವು ಹಾಕುವುದು ಎಲ್ಲವೂ ಅವಳ ಪಾಲಿನವೇ. ಹೀಗಿರುವಾಗ ‘ಮನೆಯ ಅಡುಗೆಯೇ ಶ್ರೇಷ್ಠ’ ಎಂಬ ಉಪದೇಶವನ್ನು ಅವಳೊಬ್ಬಳ ಹೆಗಲಿಗೆ ಹೊರಿಸುವುದು ನ್ಯಾಯವೆ? ಅಡುಗೆಗೆ ಬಿಡುವಿಲ್ಲ ಎಂಬ ಮಾತಿನ ನಿಜವಾದ ಅರ್ಥ, ಒಬ್ಬಳ ಬಿಡುವೆಲ್ಲ ಮುಗಿದುಹೋಗಿದೆ, ಉಳಿದವರ ಬಿಡುವನ್ನು ಯಾರೂ ಕೇಳಿಲ್ಲ ಎಂಬುದೇ ಆಗಿದೆ.

ಆದುದರಿಂದ ಹಿತವಾದ ಅಡುಗೆ ಸಾಧ್ಯವೇ ಎಂಬ ಪ್ರಶ್ನೆಯ ಜೊತೆಗೆ, ಅದನ್ನು ಮಾಡುವ ಕೈಗಳೆಷ್ಟು ಎಂಬ ಪ್ರಶ್ನೆಯನ್ನೂ ಕೇಳಬೇಕು. ಕೈಗಳು ಹೆಚ್ಚಾದರೆ ಕಷ್ಟ ಕರಗುತ್ತದೆ. ಸೊಪ್ಪು ಸೋಸುವುದು, ಕಾಳು ನೆನೆಸುವುದು, ಗಿರಣಿಗೆ ಹೋಗಿ ಬರುವುದು, ಶೇಂಗಾ ಹುರಿದು ಸಿಪ್ಪೆ ತೆಗೆಯುವುದು, ತಾಟು ತೊಳೆಯುವುದು—ಇವುಗಳಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಬಾರದ ಕೆಲಸ ಯಾವುದು? ಜಪಾನಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಮಕ್ಕಳೇ ಸರದಿಯಂತೆ ಬಡಿಸುತ್ತಾರೆ. ಊಟವಾದ ಮೇಲೆ ತಾವೇ ಅಚ್ಚುಕಟ್ಟು ಮಾಡುತ್ತಾರೆ. ಆಹಾರದ ತಿಳಿವಳಿಕೆಯೂ ಶಿಕ್ಷಣದ ಅಂಗವೆಂದು ಆ ದೇಶ 2005ರಲ್ಲಿ ಕಾನೂನನ್ನೇ ಮಾಡಿತು. ಗಂಡುಹುಡುಗ ಸೌಟು ಹಿಡಿದರೆ ಅವನ ಮಾನ ಕುಂದುತ್ತದೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ. ಕಾಯಕವೆಲ್ಲ ಸಮಾನವೆಂದು ಸಾರಿದ ಬಸವಣ್ಣನವರ ಹೆಸರನ್ನು ಹೊತ್ತ ಬಸವನ ಬಾಗೇವಾಡಿ ಇರುವ ಈ ನೆಲದಲ್ಲಿಯೂ ಹಾಗೆ ಭಾವಿಸಲು ಕಾರಣವಿಲ್ಲ.

ಶ್ರಮವನ್ನು ಹಂಚಿಕೊಳ್ಳುವುದರೊಡನೆ ಉಳಿಸುವ ಉಪಾಯಗಳೂ ಈ ಸೀಮೆಯ ಅಡುಗೆಯಲ್ಲಿಯೇ ಇವೆ. ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ ಹಲವು ದಿನ ಕೆಡುವುದಿಲ್ಲ. ಶೇಂಗಾ, ಗುರೆಳ್ಳು, ಅಗಸೆಯ ಹಿಂಡಿಗಳನ್ನು ಒಮ್ಮೆ ಕುಟ್ಟಿಟ್ಟರೆ ವಾರಗಟ್ಟಲೆ ಬರುತ್ತವೆ. ಹಸಿ ತರಕಾರಿಗೆ ಒಲೆಯೇ ಬೇಡ. ಜುಣಕವಾದರೆ ರೊಟ್ಟಿ ಬೇಯುವಷ್ಟರಲ್ಲಿ ಸಿದ್ಧವಾಗುತ್ತದೆ. ರೊಟ್ಟಿ ಬಡಿದು ಮಾರುವ ಮಹಿಳೆಯರ ಸಂಘಗಳು ಇಂದು ಊರೂರಿನಲ್ಲಿವೆ. ಅವರಿಂದ ರೊಟ್ಟಿ ಕೊಂಡರೆ ಗೃಹಿಣಿಗೆ ಕುಂದಲ್ಲ. ಒಬ್ಬರಿಗೆ ಬಿಡುವು, ಇನ್ನೊಬ್ಬರಿಗೆ ಸಂಪಾದನೆ. ಹಾಗೆಯೇ ದಿನಕ್ಕೊಂದು ಹೊತ್ತು ಕುಕ್ಕರಿನಲ್ಲಿ ಅನ್ನ ಬೇಯಿಸಿದರೂ ಅಪರಾಧವೇನಿಲ್ಲ. ಜೊತೆಗೆ ಬೇಳೆಯೂ ಸೊಪ್ಪೂ ಇದ್ದರಾಯಿತು. ಜಾತ್ರೆಯ ದಿನ ತಿಂದ ಜಿಲೇಬಿಯಿಂದ ಯಾರ ಆರೋಗ್ಯವೂ ಕೆಡದು. ಪ್ರತಿದಿನವನ್ನೂ ಜಾತ್ರೆಯಾಗಿಸಿಕೊಂಡಾಗ ಮಾತ್ರ ಕೆಡುತ್ತದೆ.

ಎಳ್ಳ ಅಮಾವಾಸ್ಯೆಯಂದು ಈ ಭಾಗದ ರೈತಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಬೆಳೆದು ನಿಂತ ಪೈರಿನ ನಡುವೆ ಚರಗ ಚೆಲ್ಲಿ ಭೂಮಿತಾಯಿಗೆ ಮೊದಲ ತುತ್ತನ್ನು ಅರ್ಪಿಸುತ್ತವೆ. ಬಳಿಕ ಸಜ್ಜೆಯ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹೋಳಿಗೆಗಳನ್ನು ಬಂಧುಬಳಗದೊಡನೆ ಹಂಚಿಕೊಂಡು ಉಣ್ಣುತ್ತವೆ. ಆ ದಿನ ಬುತ್ತಿಯನ್ನು ಹೊರಲು ಎಲ್ಲರ ತಲೆಯೂ ಸಿದ್ಧ, ಬಡಿಸಲು ಎಲ್ಲರ ಕೈಯೂ ಸಿದ್ಧ. ಅಂದಿನ ಊಟ ಅಷ್ಟು ಸವಿಯಾಗಿರುವುದಕ್ಕೆ ಇದೂ ಒಂದು ಕಾರಣವಲ್ಲವೆ? ವರ್ಷಕ್ಕೊಮ್ಮೆ ಹೊಲದಲ್ಲಿ ತೋರುವ ಆ ಕೂಡುಗೈಯನ್ನು ದಿನವೂ ಅಡುಗೆಮನೆಯಲ್ಲಿ ತೋರಿದರೆ ಮನೆಯ ಊಟ ಹಿತವೂ ಆಗುತ್ತದೆ, ರುಚಿಯೂ ಆಗುತ್ತದೆ, ಸುಲಭವೂ ಆಗುತ್ತದೆ. ಊಟ ಬಲ್ಲವನೆಂದರೆ ಉಣ್ಣಲು ಬಲ್ಲವನಷ್ಟೇ ಅಲ್ಲ. ಒಲೆಯ ಮುಂದಿರುವವರ ಪಕ್ಕದಲ್ಲಿ ಕುಳಿತು ಒಂದು ಕೈ ನೀಡಲು ಬಲ್ಲವನು.