ಮೊದಲು ಸಂದು ಮುಚ್ಚಿ

ಊರಿನ ಡೊಳ್ಳು ಕೇಳಲೆಂದು ಬಾಂದ್ರಾದ ಬಾಡಿಗೆ ಕೋಣೆಯಲ್ಲಿ ನಾನೇ ಕಟ್ಟಿದ ಸ್ಪೀಕರ್ ಮೊದಲ ದಿನ ಬರೀ ಬುಸುಗುಟ್ಟಿತು. ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಡ್ರೈವರ್ ಚೆನ್ನಾಗಿಯೇ ಇತ್ತು. ತಪ್ಪು ಅದರ ಅಂಚಿಗೆ ನಾನು ಕೊಟ್ಟ ಸ್ಪಂಜಿನದು. ಸಾದಾ ಸ್ಪಂಜಿನ ರಂಧ್ರಗಳು ಒಂದಕ್ಕೊಂದು ಕೂಡಿರುತ್ತವೆ. ಅವುಗಳ ಮೂಲಕ ಗಾಳಿ ಸೋರಿ ಬಾಸ್ ಸೊರಗುತ್ತದೆ. ಮುಂಬೈ ಮಳೆಗಾಲದಲ್ಲಿ ಅದು ತೇವವನ್ನೂ ಹೀರುತ್ತದೆ. ಸಿಲಿಕೋನ್ ಬಳಿದರೆ ಸೋರಿಕೆ ನಿಲ್ಲುತ್ತದೆ, ಆದರೆ ರಿಪೇರಿಗೆ ಬಿಚ್ಚುವುದು ಕಷ್ಟ.

ಹಾಗೆಂದು ದುಬಾರಿ ಗ್ಯಾಸ್ಕೆಟ್ ಬೇಕಿಲ್ಲ. ಕಿಟಕಿ ಸಂದಿಗೆ ಅಂಟಿಸುವ, ರಂಧ್ರಗಳು ಮುಚ್ಚಿಕೊಂಡಿರುವ ಫೋಮ್ ಟೇಪ್ ಅಥವಾ ಮಕ್ಕಳ ಕ್ರಾಫ್ಟಿನ ತೆಳು ಇವಿಎ ಶೀಟ್ ಸಾಕು. ಸ್ಕ್ರೂಗಳನ್ನು ಎದುರುಬದುರಾಗಿ, ಸಮನಾಗಿ ಬಿಗಿಯಿರಿ. ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಕೋನನ್ನು ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಮರಳಿದರೆ ಗಾಳಿ ನಿಂತಿದೆ ಎಂದರ್ಥ.

ಡೊಳ್ಳಿನ ಪೆಟ್ಟು ಎದೆಗೆ ತಟ್ಟಬೇಕೆಂದು ದೊಡ್ಡ ಆ್ಯಂಪ್ಲಿಫೈಯರ್ ಕೊಳ್ಳುವ ಮೊದಲು ಈ ಸಂದನ್ನು ನೋಡಿಕೊಳ್ಳಿ.