ಸನ್ಮಾನದ ವೇದಿಕೆಯಿಂದ ಕಾರ್ಖಾನೆಯ ಬಾಗಿಲಿಗೆ ಎಷ್ಟು ದೂರ?

ಪರೀಕ್ಷೆಗಳ ಫಲಿತಾಂಶ ಬಂತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆಯ ಕಾರ್ಯಕ್ರಮಗಳು ಸಾಲುಗಟ್ಟಿ ನಡೆಯುತ್ತವೆ. ಹತ್ತನೇ ಮತ್ತು ಹನ್ನೆರಡನೇ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಸ್ಮರಣಿಕೆ ಮತ್ತು ನಗದು ನೀಡಿ ಹರಸುತ್ತೇವೆ. ಇದು ಆಗಲೇಬೇಕಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಮಕ್ಕಳು ನಾಲ್ಕು ವರ್ಷಗಳ ಬಳಿಕ ಎಂಜಿನಿಯರಿಂಗ್ ಪದವಿ ಹಿಡಿದು ಕೆಲಸಕ್ಕಾಗಿ ಅಲೆಯುವಾಗ ಸಂಘ ಎಲ್ಲಿರುತ್ತದೆ ಎಂಬ ಪ್ರಶ್ನೆ ಕಳೆದ ವರ್ಷ ನನ್ನನ್ನು ಕಾಡಿತು.

ಕಾರಣ ಇಷ್ಟೇ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದಾಗ ನಮ್ಮೂರ ಕಡೆಯ ಹಿರಿಯರೊಬ್ಬರು ಬಂದರು. ಕ್ಯಾಂಟೀನ್ ಒಂದರಲ್ಲಿ ಮೂವತ್ತು ವರ್ಷ ದುಡಿದವರು. ಮಗನ ಶಿಕ್ಷಣ ಸಾಲದ ಕಂತು ಆರಂಭವಾಗುವ ನೋಟಿಸು ಕೈಯಲ್ಲಿತ್ತು. "ಮಗನಿಗೆ ಆಫರ್ ಲೆಟರ್ ಸಿಕ್ಕಿ ಹತ್ತು ತಿಂಗಳಾಯಿತು. ಸೇರುವ ದಿನಾಂಕ ಮಾತ್ರ ಬಂದಿಲ್ಲ. ಅಲ್ಲಿಯವರೆಗೆ ಕಂತು ನಿಲ್ಲಿಸಬಹುದೇ?" ಎಂದು ಕೇಳಿದರು. ಹುಡುಗ ಮೆಕ್ಯಾನಿಕಲ್ ವಿಭಾಗದವನು, ಒಳ್ಳೆಯ ಅಂಕಗಳಿದ್ದವು. ಆರು ವಾರಗಳ ಇಂಟರ್ನ್‌ಶಿಪ್ ಸರ್ಟಿಫಿಕೇಟೂ ಇತ್ತು. ಅದನ್ನು ಹಣ ಕೊಟ್ಟು ಆನ್‌ಲೈನ್‌ನಲ್ಲಿ ಪಡೆದಿದ್ದ. ಯಾವ ಕಾರ್ಖಾನೆಯ ಒಳಗೂ ಕಾಲಿಟ್ಟಿರಲಿಲ್ಲ. ಬೇರೊಂದು ಸಂದರ್ಶನದಲ್ಲಿ "ಆ ಆರು ವಾರ ನೀನು ಮಾಡಿದ ಕೆಲಸ ಏನು?" ಎಂದು ಕೇಳಿದಾಗ ಉತ್ತರ ಇರಲಿಲ್ಲವಂತೆ.

ಕಂತಿನ ಲೆಕ್ಕ

ಶಿಕ್ಷಣ ಸಾಲ ತೆಗೆದುಕೊಳ್ಳುವಾಗ ಮನೆಯವರ ಗಮನವೆಲ್ಲ ಅಡ್ಮಿಶನ್ ಮೇಲಿರುತ್ತದೆ. ಮರುಪಾವತಿಯ ಲೆಕ್ಕ ಯಾರೂ ಹಾಕುವುದಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಕೋರ್ಸಿನ ಅವಧಿ ಮತ್ತು ಆ ಬಳಿಕ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಕಂತು ಇಲ್ಲವೆಂದರೆ ಬಡ್ಡಿ ಇಲ್ಲ ಎಂದಲ್ಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಒಟ್ಟು 6 ಲಕ್ಷ ರೂ. ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಐದು ವರ್ಷ ಮುಗಿಯುವಾಗ ಸರಳ ಬಡ್ಡಿಯೇ 2 ಲಕ್ಷದ 10 ಸಾವಿರ. ಒಟ್ಟು 8 ಲಕ್ಷದ 10 ಸಾವಿರವನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700 ರೂ. ಮಗನಿಗೆ ಸಂಬಳವಿಲ್ಲದಿದ್ದರೆ ಅದು ಅಪ್ಪನ ಸಂಬಳದಿಂದ ಹೋಗಬೇಕು. ತಪ್ಪಿದರೆ ಸಾಲಕ್ಕೆ ಜತೆಗೆ ಸಹಿ ಹಾಕಿದ ಅಪ್ಪನ ಸಿಬಿಲ್ ದಾಖಲೆಯೂ ಕೆಡುತ್ತದೆ. ನಾಳೆ ಮನೆ ಸಾಲ ಬೇಕೆಂದರೆ ಅಲ್ಲಿಯೂ ತೊಡಕು.

ಇಲ್ಲಿ ಎರಡು ವಿಷಯ ತಿಳಿದಿರಲಿ. ಕಲಿಯುವ ಅವಧಿಯಲ್ಲೇ ಬಡ್ಡಿ ಕಟ್ಟುತ್ತ ಬಂದರೆ ಸಾಲದ ಹೊರೆ ಬಹಳ ಇಳಿಯುತ್ತದೆ. ಬಡ್ಡಿ ದರದಲ್ಲಿ ಶೇ. 1ರ ರಿಯಾಯಿತಿಗೂ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಕೆಲಸ ಸಿಗದೆ ಕಷ್ಟವಾದಾಗ ಮತ್ತಷ್ಟು ಕಾಲಾವಕಾಶ ಕೇಳಲೂ ದಾರಿಯಿದೆ. ಆದರೆ ಕಂತು ತಪ್ಪಿದ ಮೇಲೆ ಅಲ್ಲ, ತಪ್ಪುವ ಮೊದಲೇ ಅರ್ಜಿ ಕೊಡಬೇಕು.

ಹೀಗಾಗಿ ಪದವಿ ಮುಗಿದ ಮೇಲಿನ ಆ ಒಂದು ವರ್ಷ ಬಹಳ ಬೆಲೆಯುಳ್ಳದ್ದು. ಆಫರ್ ಲೆಟರ್ ಹಿಡಿದು ಮನೆಯಲ್ಲಿ ಕಾಯುವುದಕ್ಕಾಗಿ ಅದು ಇರುವುದಲ್ಲ.

ಆಫರ್ ಲೆಟರ್ ಎಂದರೆ ಕೆಲಸವಲ್ಲ

ಕ್ಯಾಂಪಸ್ ಆಯ್ಕೆಯಾದರೆ ಜೀವನ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಇತ್ತೀಚಿನ ವರ್ಷಗಳ ಸುದ್ದಿ ಓದಿದರೆ ಆ ನಂಬಿಕೆ ಉಳಿಯದು. 2022ರಲ್ಲಿ ಇನ್ಫೋಸಿಸ್‌ನ ಆಫರ್ ಪಡೆದ ಸುಮಾರು 2,000 ಮಂದಿ ಎರಡು ವರ್ಷ ಕಾಯಬೇಕಾಯಿತೆಂಬ ದೂರು 2024ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ತನಕ ಹೋಯಿತು. 2025ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯ ಮೈಸೂರು ಕ್ಯಾಂಪಸ್‌ನಲ್ಲಿ ಆಂತರಿಕ ಪರೀಕ್ಷೆ ಪಾಸಾಗದ 300ಕ್ಕೂ ಹೆಚ್ಚು ತರಬೇತಿನಿರತರು ಮನೆಗೆ ಮರಳಿದರು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಹುದ್ದೆ ಕಡಿತಗೊಳಿಸುವುದಾಗಿ ತಿಳಿಸಿತು. ಅದು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೆ ಸಂಬಂಧಿಸಿದ್ದಾದರೂ, ಅನುಭವ ಉಳ್ಳವರೇ ಕೆಲಸ ಹುಡುಕಲು ಇಳಿದಾಗ ಹೊಸಬರ ದಾರಿ ಇನ್ನೂ ಇಕ್ಕಟ್ಟಾಗುತ್ತದೆ.

ಪ್ರತಿ ಸೆಪ್ಟಂಬರ್ 15ರಂದು ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವರು ಪುಣೆಯ ವಿಜ್ಞಾನ ಕಾಲೇಜಿನಲ್ಲಿ 1883ರಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ತರಗತಿಯಿಂದ ನೇರ ಹುದ್ದೆಗೆ ಹೋಗುವ ಅಂತಹ ದಾರಿ ಇಂದು ಕೆಲವೇ ಮಂದಿಗೆ ಉಳಿದಿದೆ. ಉಳಿದವರಿಗೆ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಯೇ ಕೆಲಸದ ಅನುಭವ.

ನಿಯಮ ಇದೆ, ಅನುಭವ ಇಲ್ಲ

ಎಐಸಿಟಿಇ 2018ರ ಜನವರಿಯಲ್ಲಿ ಹೊರತಂದ ಮಾದರಿ ಪಠ್ಯಕ್ರಮದಲ್ಲಿ ಒಟ್ಟು ಕ್ರೆಡಿಟ್‌ಗಳನ್ನು 160ಕ್ಕೆ ಇಳಿಸಿ, ಇಂಟರ್ನ್‌ಶಿಪ್‌ಗೆ ಜಾಗ ಮಾಡಿಕೊಟ್ಟಿತು. ಪದವಿ ವಿದ್ಯಾರ್ಥಿಗೆ 600ರಿಂದ 700 ಗಂಟೆಗಳ ಇಂಟರ್ನ್‌ಶಿಪ್ ಆಗಬೇಕೆಂಬುದು ಅದರ ಆಶಯ. ದಿನಕ್ಕೆ ಎಂಟು ಗಂಟೆ ಎಂದರೂ ಎಪ್ಪತ್ತೈದು ದಿನಕ್ಕೆ ಕಡಿಮೆಯಿಲ್ಲ. ನಮ್ಮ ಎಷ್ಟೋ ಮಕ್ಕಳು ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಲ್ಲಿ ಕಲಿಯುತ್ತಾರೆ. ಅಲ್ಲಿ ವಿಟಿಯು ತನ್ನ 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷದ ಒಂದು ಸೆಮಿಸ್ಟರನ್ನೇ ಇಂಟರ್ನ್‌ಶಿಪ್‌ಗೆ ಮೀಸಲಿಟ್ಟಿದೆ.

ಇದು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಪಿಲಾನಿಯ ಬಿಟ್ಸ್ ಸಂಸ್ಥೆ 1973ರಲ್ಲೇ 'ಪ್ರಾಕ್ಟೀಸ್ ಸ್ಕೂಲ್' ಆರಂಭಿಸಿತ್ತು. ಎರಡನೇ ವರ್ಷ ಮುಗಿದ ಬೇಸಗೆಯಲ್ಲಿ ಎರಡು ತಿಂಗಳು, ಕೊನೆಯ ವರ್ಷದಲ್ಲಿ ಐದೂವರೆ ತಿಂಗಳು ವಿದ್ಯಾರ್ಥಿ ಉದ್ಯಮದಲ್ಲಿ ಇರುತ್ತಾನೆ. ಕಾಲೇಜೇ ಸ್ಥಳ ಗೊತ್ತುಮಾಡಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಳುಹಿಸುವುದು ಅದರ ವಿಶೇಷ. ಸಾಮಾನ್ಯ ಕಾಲೇಜುಗಳಲ್ಲಿ ತೊಂದರೆ ಇರುವುದು ಇಲ್ಲೇ. ಗಂಟೆಗಳನ್ನು ಕಡ್ಡಾಯ ಮಾಡಿದರು, ಸ್ಥಳ ಹುಡುಕುವ ಹೊಣೆಯನ್ನು ಮಕ್ಕಳ ಮೇಲೆ ಬಿಟ್ಟರು. ಮಾವನ ಕಂಪೆನಿ ಇದ್ದವನಿಗೆ ಸ್ಥಳ ಸಿಕ್ಕಿತು. ಕ್ಯಾಂಟೀನ್ ಕಾರ್ಮಿಕನ ಮಗ ಸರ್ಟಿಫಿಕೇಟ್ ಖರೀದಿಸಿದ. ಹುಡುಗನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ.

ಹೆತ್ತವರು ಒಂದು ಮಾತು ನೆನಪಿಡಬೇಕು. ಕಲಿಸುವುದಕ್ಕೆ ಶುಲ್ಕ ಪಡೆಯುವುದು ಕೋರ್ಸ್. ಕೆಲಸ ಮಾಡಿಸಿಕೊಂಡು ಕಲಿಸುವುದು ಇಂಟರ್ನ್‌ಶಿಪ್. ಹಣ ಕೊಟ್ಟರೆ ಮನೆಯಲ್ಲೇ ಸರ್ಟಿಫಿಕೇಟ್ ಎನ್ನುವವರಿಂದ ದೂರವಿರಿ. ಮೂಲ ಅಂಕಪಟ್ಟಿ ಒತ್ತೆ ಕೇಳುವವರಿಂದಲೂ ದೂರವಿರಿ.

ಯಾವ ಯೋಜನೆ ಯಾರಿಗೆ?

ಸರಕಾರದ ಯೋಜನೆಗಳ ಬಗ್ಗೆ ನಮ್ಮಲ್ಲಿ ಗೊಂದಲ ಬಹಳ. 2024ರ ಅಕ್ಟೋಬರ್ 3ರಂದು ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಗೆಂದು ಹಲವರು ತಿಳಿದಿದ್ದಾರೆ. ಆರಂಭದ ನಿಯಮಗಳಂತೆ ಅದು 21ರಿಂದ 24 ವಯಸ್ಸಿನ, ಪೂರ್ಣಾವಧಿ ಓದಿನಲ್ಲೂ ಉದ್ಯೋಗದಲ್ಲೂ ಇಲ್ಲದವರಿಗೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಅದೇ ವರ್ಷ ಮಹಾರಾಷ್ಟ್ರ ಸರಕಾರ ತಂದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯೂ ಓದು ಮುಗಿಸಿದವರಿಗೇ, ಅದೂ ಮಹಾರಾಷ್ಟ್ರದ ನಿವಾಸಿಗಳಿಗೆ. ಇಲ್ಲೇ ಹುಟ್ಟಿ ಬೆಳೆದರೂ ಡೊಮಿಸೈಲ್ ಸರ್ಟಿಫಿಕೇಟ್ ಮಾಡಿಸದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಕಾಗದಪತ್ರ ಈಗಲೇ ಸರಿಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಹೊಸ ಎಂಜಿನಿಯರಿಗೆ ಹೆಚ್ಚು ಉಪಯುಕ್ತವಾದುದು ಹಳೆಯ ಕಾಯ್ದೆಯೇ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಸೇರಿಸಲಾಯಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಪದವೀಧರನಿಗೆ 2019ರ ನಿಯಮದಂತೆ ತಿಂಗಳಿಗೆ ಕನಿಷ್ಠ 9,000 ರೂ. ಸ್ಟೈಪೆಂಡ್ ನಿಗದಿಯಾಯಿತು. ಇದನ್ನು ಹೆಚ್ಚಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತ್ತು. ತರಬೇತಿ ಸಾಮಾನ್ಯವಾಗಿ ಒಂದು ವರ್ಷ. ಕೊನೆಗೆ ಭಾರತ ಸರಕಾರದ ಪ್ರಮಾಣಪತ್ರ ಸಿಗುತ್ತದೆ. ಪಶ್ಚಿಮ ವಲಯದ ಕಚೇರಿ ನಮ್ಮ ಸಯನ್‌ನಲ್ಲೇ ಇದೆ. ಮಜಗಾಂವ್ ಡಾಕ್‌ನಂತಹ ಸಾರ್ವಜನಿಕ ಸಂಸ್ಥೆಗಳೂ ಪದವೀಧರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ.

9,000 ರೂಪಾಯಿ ಮುಂಬಯಿಯಲ್ಲಿ ಏನೇನೂ ಅಲ್ಲ, ಮೇಲೆ ಹೇಳಿದ ಕಂತಿಗೂ ಸಾಲದು ಎನ್ನುವುದು ನಿಜ. ಅಪ್ರೆಂಟಿಸ್ ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕನಲ್ಲ, ಪಿ.ಎಫ್. ಇಲ್ಲ, ಖಾಯಂ ಮಾಡುವ ಭರವಸೆಯೂ ಇಲ್ಲ. ಕೆಲವರು ಇದನ್ನು ಅಗ್ಗದ ದುಡಿಮೆಗಾಗಿ ಬಳಸುವುದೂ ಉಂಟು. ಆದರೂ ಗಮನಿಸಿ: ಕಂತು ಕಟ್ಟಬೇಕಾಗಿಲ್ಲದ ಆ ಒಂದು ವರ್ಷ ಮತ್ತು ಅಪ್ರೆಂಟಿಸ್‌ಶಿಪ್‌ನ ಒಂದು ವರ್ಷ ಸರಿಯಾಗಿ ಹೊಂದುತ್ತವೆ. ಪದವಿ ಮುಗಿದ ಕೂಡಲೇ ಸೇರಿದವನು ಮೊದಲ ಕಂತು ಬರುವಾಗ ಒಂದು ವರ್ಷದ ಅನುಭವಸ್ಥ. ಮನೆಯಲ್ಲಿ ಕಾದವನು ಒಂದು ವರ್ಷ ಹಳೆಯ ಪದವೀಧರ.

ಯೋಜನೆ ಎರಡನೇ ವರ್ಷದಲ್ಲೇ ಆರಂಭವಾಗಲಿ

ಎರಡನೇ ವರ್ಷ ಮುಗಿದ ರಜೆಯಲ್ಲಿ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಮೆಕ್ಯಾನಿಕಲ್‌ನವನು ಚಿಕ್ಕ ಟೂಲ್ ರೂಮ್‌ನಲ್ಲಿ ವರ್ನಿಯರ್ ಹಿಡಿಯಲಿ. ಸಿವಿಲ್‌ನವಳು ಪಕ್ಕದ ಬೀದಿಯ ಪುನರ್ನಿರ್ಮಾಣದ ಸೈಟಿನಲ್ಲಿ ಸರಳಿನ ಲೆಕ್ಕ ಬರೆಯಲಿ. ಇಲೆಕ್ಟ್ರಿಕಲ್‌ನವರು ಪ್ಯಾನೆಲ್ ತಯಾರಕರಲ್ಲಿ, ಕಂಪ್ಯೂಟರ್‌ನವರು ನಿಜವಾದ ಗ್ರಾಹಕರಿರುವ ಚಿಕ್ಕ ಸಂಸ್ಥೆಯಲ್ಲಿ ಕೆಲಸ ನೋಡಲಿ. ಮೂರನೇ ವರ್ಷದಲ್ಲಿ ತನ್ನ ದಾರಿ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕಕ್ಕೆ ಮೂರು ವರ್ಷ ಬೆಲೆಯಿದೆ. ಹಲವು ಸಾರ್ವಜನಿಕ ಸಂಸ್ಥೆಗಳೂ, 1957ರಿಂದ ನಡೆಯುತ್ತಿರುವ ಟ್ರಾಂಬೆಯ ಬಿಎಆರ್‌ಸಿ ತರಬೇತಿ ಶಾಲೆಯೂ ಆಯ್ಕೆಗೆ ಗೇಟ್ ಅಂಕ ಬಳಸಿವೆ.

ಎಲ್ಲಿ ಕೆಲಸ ಮಾಡಿದರೂ ದಿನಚರಿ ಬರೆದಿಡಬೇಕು. ಏನು ಮಾಡಿದೆ, ಯಾವ ಯಂತ್ರ, ಎಲ್ಲಿ ತಪ್ಪಾಯಿತು, ಹೇಗೆ ಸರಿಮಾಡಿದರು ಎಂದು. ಸಂದರ್ಶನದಲ್ಲಿ ಕೇಳುವುದು ಇದನ್ನೇ.

ಸಂಘಗಳು ಮಾಡಬಹುದಾದದ್ದು

ದುಡಿಯುತ್ತ ಕಲಿಯುವುದು ಮುಂಬಯಿ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಕಟ್ಟಿದ ಸಂಘಗಳಿವು. ನಾನೂ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನೇ. ಆಗ ಊರಿನಿಂದ ಬಂದ ಹುಡುಗನಿಗೆ ಕೆಲಸ ತೋರಿಸುತ್ತಿದ್ದುದು ನಮ್ಮವರೇ. ಈಗ ನಮ್ಮವರ ಕಾರ್ಖಾನೆಗಳು ಅಂಬರ್‌ನಾಥ್, ತಳೋಜ, ರಬಾಳೆ, ತಾರಾಪುರ, ಪುಣೆಯ ಭೋಸರಿಗಳಲ್ಲಿವೆ. 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು 2019ರಲ್ಲಿ ತಿದ್ದಿದ ನಿಯಮ ಹೇಳುತ್ತದೆ. 4 ಮಂದಿ ಇದ್ದರೂ ತೆಗೆದುಕೊಳ್ಳಬಹುದು. ಅಂದಮೇಲೆ ಇದು ಉಪಕಾರದ ಮಾತಲ್ಲ, ಕಾನೂನು ಪಾಲಿಸಿದಂತೆಯೂ ಆಗುತ್ತದೆ.

ಸಂಘಗಳು ಮಾಡಬೇಕಾದ್ದು ದೊಡ್ಡದೇನಲ್ಲ. ಒಂದು ಪುಸ್ತಕ ಇಡಲಿ. ಒಂದು ಬದಿಯಲ್ಲಿ ಎಂಜಿನಿಯರಿಂಗ್ ಮಕ್ಕಳ ಹೆಸರು, ವಿಭಾಗ, ವರ್ಷ. ಇನ್ನೊಂದು ಬದಿಯಲ್ಲಿ ಉದ್ಯಮಿ ಸದಸ್ಯರ ಹೆಸರು, ಎಷ್ಟು ಜನರಿಗೆ ಅವಕಾಶ. ವರ್ಷಕ್ಕೆ ಎರಡು ಸಲ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಸಲಿ. ಆಯ್ಕೆ ಅರ್ಹತೆಯ ಮೇಲೆ ಆಗಲಿ, ಶಿಫಾರಸು ಬೇಡ. ನಿವೃತ್ತ ಎಂಜಿನಿಯರರು ತಿಂಗಳಿಗೆ ಒಂದು ರವಿವಾರ ಮಕ್ಕಳ ದಿನಚರಿ ನೋಡಲಿ. ಶಾಲು, ಹಾರದ ಖರ್ಚಿನಷ್ಟೂ ಇದಕ್ಕೆ ಬೇಡ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಹನ್ನೆರಡನೇ ತರಗತಿಯಲ್ಲಿ ಅವನನ್ನು ನಮ್ಮ ಕಡೆಯ ಸಂಘವೊಂದು ಸನ್ಮಾನಿಸಿತ್ತು. ತಂದೆ ಮೊಬೈಲಿನಲ್ಲಿ ಆ ಫೋಟೋ ತೋರಿಸಿದರು. ಶಾಲು ಹೊದಿಸುತ್ತಿದ್ದ ಮುಖ್ಯ ಅತಿಥಿ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಮಾಲಕರು. ಅವರ ಬಳಿ ಹೋಗಿ ಕೇಳಬಹುದೆಂದು ಹುಡುಗನಿಗೆ ಹೊಳೆದಿರಲಿಲ್ಲ, ಅವನು ಏನು ಕಲಿಯುತ್ತಿದ್ದಾನೆಂದು ಅವರಿಗೂ ತಿಳಿದಿರಲಿಲ್ಲ. ಸಂಘದ ಪದಾಧಿಕಾರಿಯೊಬ್ಬರ ಮೂಲಕ ಒಂದು ಫೋನ್ ಮಾಡಿಸಿದೆವು. ಹುಡುಗ ಈಗ ಅಲ್ಲಿ ಅಪ್ರೆಂಟಿಸ್. ಕಂತಿಗೆ ಆರು ತಿಂಗಳ ಕಾಲಾವಕಾಶ ಸಿಕ್ಕಿದೆ. ಖಾಯಂ ಆಗುತ್ತಾನೋ ಇಲ್ಲವೋ ಹೇಳಲಾರೆ. ಆದರೆ ಮುಂದಿನ ಸಂದರ್ಶನದಲ್ಲಿ ಅವನು ಸುಮ್ಮನೆ ನಿಲ್ಲಬೇಕಾಗಿಲ್ಲ.

ಆ ಒಂದು ಫೋನ್ ಎರಡು ವರ್ಷ ಮೊದಲೇ ಹೋಗಬಹುದಿತ್ತು. ಈ ಸಲ ಪುರಸ್ಕಾರ ಸಮಾರಂಭದ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ನಮ್ಮ ಪದಾಧಿಕಾರಿ ಬಾಂಧವರು ಇಷ್ಟನ್ನು ಯೋಚಿಸಬೇಕೆಂದು ವಿನಂತಿ.