ನೋಟ್‌ಬುಕ್ ಕಂಪ್ಯೂಟರೂ ಜಮೀನಿನ ಯಜಮಾನರೂ

ಬೇಸಾಯಗಾರನಿಗೆ ನೇಗಿಲಿನಷ್ಟೇ ಅವಶ್ಯಕವಾದ ಉಪಕರಣವು ಮತ್ತೊಂದಿದ್ದರೆ ಅದು ಲೆಕ್ಕದ ಪುಸ್ತಕ. ಈ ಮಾತನ್ನು ತಿಳಿದವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ನಡೆಸಿದವರು ಮಾತ್ರ ಸ್ವಲ್ಪ. ಈಚಿನ ವರ್ಷಗಳಲ್ಲಿ ಲೆಕ್ಕದ ಪುಸ್ತಕ, ಕಡತದ ಪೆಟ್ಟಿಗೆ, ಅಂಚೆ, ಇವು ಮೂರೂ ಒಂದಾಗಿ ಸೇರಿರುವ ಯಂತ್ರವೊಂದು ಹಳ್ಳಿಯ ಮನೆಗಳನ್ನು ಪ್ರವೇಶಿಸಿದೆ. ತಯಾರಕರು ಅದನ್ನು ನೋಟ್‌ಬುಕ್ ಕಂಪ್ಯೂಟರೆಂದೂ ಜನರು ಲ್ಯಾಪ್‌ಟಾಪೆಂದೂ ಕರೆಯುತ್ತಾರೆ. 1981ರಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್ ಎಂಬ ಎತ್ತಿ ಒಯ್ಯಬಹುದಾದ ಕಂಪ್ಯೂಟರು ಸುಮಾರು 11 ಕಿಲೋ ತೂಗುತ್ತಿದ್ದಿತು. ಅದರಲ್ಲಿ ಬ್ಯಾಟರಿಯೂ ಇರಲಿಲ್ಲ. ಇಂದಿನ ಯಂತ್ರವು ಎರಡು ಕಿಲೋವಿಗಿಂತ ಕಡಮೆ ತೂಕದ್ದಾಗಿ, ವಿದ್ಯುತ್ತು ಹೋದ ಮೇಲೆಯೂ ಕೆಲವು ಗಂಟೆಗಳ ಕಾಲ ಕೆಲಸಮಾಡುವುದು.

ಆದರೆ ಈ ಯಂತ್ರವು ಅನೇಕ ಮನೆಗಳಲ್ಲಿ ಮಕ್ಕಳ ವ್ಯಾಸಂಗಕ್ಕೆಂದು ಬಂದದ್ದು. ವ್ಯಾಸಂಗವು ಮುಗಿದು ಮಕ್ಕಳು ಪಟ್ಟಣ ಸೇರಿದ ಬಳಿಕ ಅದು ಬೀರುವನ್ನು ಸೇರುತ್ತದೆ. ಮನೆಯ ಯಜಮಾನರು ಅದನ್ನು ಮುಟ್ಟುವುದಿಲ್ಲ. ‘ಅದು ಹುಡುಗರ ವಿದ್ಯೆ’ ಎಂದು ಬಿಟ್ಟುಬಿಡುತ್ತಾರೆ. ಈ ಉದಾಸೀನವು ಭೂಮಾಲೀಕರಿಗೆ ಹಾನಿಕರವಾದುದು. ಯಂತ್ರವನ್ನು ಯಜಮಾನರೇ ಕಲಿಯತಕ್ಕದ್ದು.

ದಾಖಲೆಯು ಯಾರ ಕೈಯಲ್ಲಿ?

ಹಿಂದೆ ಗ್ರಾಮದ ಭೂಮಿಯ ಲೆಕ್ಕವೆಲ್ಲವೂ ಶಾನುಭೋಗರ ದಫ್ತರದಲ್ಲಿರುತ್ತಿದ್ದಿತು. ಓದುಬರಹ ಬಾರದ ರೈತನು ತನ್ನ ಹೊಲದ ವಿಸ್ತೀರ್ಣವನ್ನು ತಿಳಿಯಬೇಕಾದರೂ ಅವರ ಜಗಲಿಯಲ್ಲಿ ಕಾಯಬೇಕಾಗಿದ್ದಿತು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ತೆಗೆದುಹಾಕಿತು. ಲೆಕ್ಕಗಳು ಸರ್ಕಾರದ ಗ್ರಾಮಲೆಕ್ಕಿಗರ ವಶಕ್ಕೆ ಬಂದವು. ಬಳಿಕ 2000ನೆಯ ಇಸವಿಯಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯನ್ನು ಜಾರಿಗೆ ತಂದು, ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆಯು ತಪ್ಪಿತು. ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವನಿಗೆ ಅಚ್ಚಾದ ಪಹಣಿಯು ದೊರೆಯತೊಡಗಿತು. ಇಂದಿನ ದಿನ ಅದೇ ಪಹಣಿಯನ್ನು ಮನೆಯಲ್ಲಿ ಕುಳಿತೇ ಅಂತರ್ಜಾಲದ ಮೂಲಕ ನೋಡಬಹುದು. ಮ್ಯುಟೇಷನ್ನಿನ ಸ್ಥಿತಿಗತಿಯೂ, ಮೋಜಣಿ ಅರ್ಜಿಯ ವಿವರವೂ ಹೀಗೆಯೇ ತಿಳಿಯುತ್ತವೆ.

ದಫ್ತರವು ಹೀಗೆ ತೆರೆದಿದ್ದರೂ ನೋಡುವವರು ಯಾರು? ಪಟ್ಟಣದ ಸೈಬರ್ ಅಂಗಡಿಯವನು. ಯಜಮಾನರು ಅವನ ಮುಂದೆ ನಿಂತು ಸರ್ವೆ ನಂಬರನ್ನು ಹೇಳುತ್ತಾರೆ. ಆಧಾರ್ ಸಂಖ್ಯೆಯನ್ನು ಕೊಡುತ್ತಾರೆ. ಮೊಬೈಲಿಗೆ ಬಂದ ಗುಟ್ಟಿನ ಸಂಖ್ಯೆಯನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಅವನು ಕೊಟ್ಟ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಶಾನುಭೋಗಿಕೆಯು ಕಾನೂನಿನಲ್ಲಿ ಹೋಯಿತು. ಪರಾಧೀನತೆಯು ಮಾತ್ರ ಉಳಿಯಿತು. ಅಂಗಡಿಯವರಲ್ಲಿ ಪ್ರಾಮಾಣಿಕರಿಲ್ಲವೆಂದಲ್ಲ, ತನ್ನ ಜಮೀನಿನ ದಾಖಲೆಯನ್ನು ತಾನು ಓದಲಾರದವನಿಗೆ ಪ್ರಾಮಾಣಿಕನು ಯಾರು, ವಂಚಕನು ಯಾರು ಎಂಬುದು ತಿಳಿಯುವುದಿಲ್ಲವೆಂಬುದೇ ಸಂಕಟ.

ಪಹಣಿಯ 9ನೆಯ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 11ನೆಯದರಲ್ಲಿ ಇತರ ಹಕ್ಕು ಮತ್ತು ಋಣ, 12ನೆಯದರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತವೆ. ಸಾಲವು ತೀರಿದ ಮೇಲೆಯೂ 11ನೆಯ ಕಲಮಿನಲ್ಲಿ ಋಣವು ಉಳಿದಿದ್ದರೆ ಮುಂದಿನ ಸಾಲಕ್ಕಾಗಲಿ ಮಾರಾಟಕ್ಕಾಗಲಿ ಅಡ್ಡಿಯಾಗುವುದು. ತೊಗರಿ ಬೆಳೆದ ಹೊಲಕ್ಕೆ ಜೋಳವೆಂದು ದಾಖಲಾಗಿದ್ದರೆ ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆನಷ್ಟದ ಪರಿಹಾರ ಇವು ಮೂರಕ್ಕೂ ತೊಡಕುಂಟು. ಇಂಥ ತಪ್ಪುಗಳನ್ನು ಅವಶ್ಯಬಿದ್ದ ದಿನ ಕಂಡುಹಿಡಿಯುವುದಕ್ಕಿಂತ ಮೊದಲೇ ಕಂಡುಹಿಡಿಯುವುದು ಲೇಸು. ಮೊದಲೇ ಕಾಣಬಲ್ಲವನು ಆಗಾಗ ನೋಡುವವನು. ಆಗಾಗ ನೋಡಬಲ್ಲವನು ಮನೆಯಲ್ಲಿ ಯಂತ್ರವನ್ನಿಟ್ಟುಕೊಂಡು ಅದನ್ನು ಬಲ್ಲವನು.

‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬ ಗಾದೆಯು ಉಳುಮೆಗೆ ಎಷ್ಟು ಸಲ್ಲುವುದೋ ಲೆಕ್ಕಪತ್ರಕ್ಕೂ ಅಷ್ಟೇ ಸಲ್ಲುವುದು.

ಆಕ್ಷೇಪಗಳು

ಕೈಯಲ್ಲಿ ಮೊಬೈಲ್ ಇರುವಾಗ ಇದೇಕೆ ಎಂದು ಕೆಲವರು ಕೇಳುವರು. ಮೊಬೈಲು ಹೊಲದಲ್ಲಿ ಫೋಟೋ ತೆಗೆಯಲು, ಬೆಳೆ ಸಮೀಕ್ಷೆಗೆ, ಮಾತಿಗೆ, ಪೇಟೆಯ ಧಾರಣೆಯನ್ನು ತಿಳಿಯಲು ಉತ್ತಮವಾದುದು. ಆದರೆ ಹನ್ನೆರಡು ಕಲಮುಗಳ ಪಹಣಿಯನ್ನು ಅಂಗೈಯಗಲದ ಗಾಜಿನಲ್ಲಿ ಓದುವುದು ಕಷ್ಟ. ವರ್ಷದ ಖರ್ಚಿನ ಪಟ್ಟಿಯನ್ನು ಬೆರಳ ತುದಿಯಿಂದ ಬರೆಯುವುದು ಇನ್ನೂ ಕಷ್ಟ. ದೊಡ್ಡ ಪರದೆಯೂ ಕೀಲಿಮಣೆಯೂ ಕಣ್ಣು ಮಂಜಾದ ಹಿರಿಯರಿಗೇ ಹೆಚ್ಚಾಗಿ ಬೇಕಾದವು. ಅಕ್ಷರವನ್ನು ಬೇಕಾದಷ್ಟು ದೊಡ್ಡದಾಗಿ ಮಾಡಿಕೊಳ್ಳಲು ಅವಕಾಶವಿರುವುದು.

ವಿದ್ಯುತ್ತಿನ ಖರ್ಚಿಗೆ ಹೆದರುವವರೂ ಉಂಟು. 5 ಅಶ್ವಶಕ್ತಿಯ ಪಂಪು ಸುಮಾರು 3,700 ವ್ಯಾಟ್ ಸೆಳೆಯುವುದು. ಸಾಮಾನ್ಯ ನೋಟ್‌ಬುಕ್ಕಿನ ಚಾರ್ಜರು 65 ವ್ಯಾಟಿನ ಆಸುಪಾಸಿನದು. ಪಂಪು ಒಂದು ಗಂಟೆಯಲ್ಲಿ ನುಂಗುವ ವಿದ್ಯುತ್ತಿನಿಂದ ಈ ಯಂತ್ರವನ್ನು 50 ಗಂಟೆಗೂ ಮಿಕ್ಕು ನಡೆಸಬಹುದು.

ಇಂಗ್ಲಿಷ್ ಬಾರದೆಂಬುದು ಮೂರನೆಯ ಆಕ್ಷೇಪ. ಇದು ಒಂದು ಕಾಲದಲ್ಲಿ ನಿಜವಾಗಿದ್ದಿತು, ಈಗ ಅಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡದ ಕಾಗುಣಿತವನ್ನೇ ಅನುಸರಿಸಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಅದು ಬಳಕೆಯಲ್ಲಿದೆ. ಅದರಲ್ಲಿ ‘ಕೆ’ ಕೀಲಿಯನ್ನು ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ‘ಎಫ್’ ಕೀಲಿ. ಅಕ್ಕಿ ಎಂದು ಬರೆಯಲು ಎ, ಕೆ, ಎಫ್, ಕೆ, ಐ ಎಂಬ ಐದು ಕೀಲಿಗಳು ಸಾಕು. ಮಗ್ಗಿಯನ್ನೂ ಕಾಗುಣಿತವನ್ನೂ ಬಾಯಿಪಾಠ ಮಾಡಿದ ತಲೆಮಾರಿಗೆ ಇದು ಹೊಸ ವಿದ್ಯೆಯಲ್ಲ. ದಿನವೂ ಅರ್ಧ ಗಂಟೆಯ ಅಭ್ಯಾಸವನ್ನು ಬಿಡದೆ ನಡೆಸಿದವರಿಗೆ ಕೆಲವು ವಾರಗಳಲ್ಲಿ ಕೈ ಕೂಡುವುದು. ಒಂದು ಎಚ್ಚರಿಕೆ ಮಾತ್ರ ಅವಶ್ಯಕ: ಬರಹವನ್ನು ಯೂನಿಕೋಡಿನಲ್ಲಿಯೇ ಬರೆಯಬೇಕು. ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದು. ಯೂನಿಕೋಡಿನ ಬರಹವನ್ನಾದರೋ ಈಗಿನ ಯಂತ್ರಗಳೆಲ್ಲವೂ ಓದುವುವು.

ಪರಿಚಯದ ಕ್ರಮ

ಹೊಸ ಎತ್ತನ್ನು ಕೊಂಡುತಂದವನು ಮೊದಲ ದಿನವೇ ಅದನ್ನು ದಿನವಿಡೀ ಉಳುಮೆಗೆ ಕಟ್ಟುವುದಿಲ್ಲ. ಈ ಯಂತ್ರದ ವಿಷಯದಲ್ಲಿಯೂ ಅದೇ ನಿಧಾನವು ಒಳ್ಳೆಯದು. ಮೊದಲು ಹಚ್ಚುವುದನ್ನೂ ಆರಿಸುವುದನ್ನೂ ಕಲಿತು, ಬಳಿಕ ಕನ್ನಡ ಬರಹವನ್ನು ಅಭ್ಯಾಸಮಾಡಿ, ಅನಂತರ ಕಡತಗಳನ್ನು ಹೆಸರಿಟ್ಟು ಜೋಡಿಸುವುದನ್ನು ರೂಢಿಸಿಕೊಳ್ಳಬೇಕು. ಪ್ರತಿ ಸರ್ವೆ ನಂಬರಿಗೂ ಒಂದೊಂದು ಫೋಲ್ಡರನ್ನು ಮಾಡಿ, ಅದರಲ್ಲಿ ಪಹಣಿ, ಕ್ರಯಪತ್ರದ ಪ್ರತಿ, ಕಂದಾಯದ ರಶೀದಿ, ಮಣ್ಣಿನ ಪರೀಕ್ಷೆಯ ವರದಿ ಇವನ್ನಿಟ್ಟರೆ ಹುಡುಕುವ ಕಷ್ಟವು ತಪ್ಪುವುದು.

ಅದಾದ ಮೇಲೆ ಲೆಕ್ಕ. ಇದಕ್ಕೆ ಹಣ ಕೊಟ್ಟು ತಂತ್ರಾಂಶವನ್ನು ಕೊಳ್ಳಬೇಕಾಗಿಲ್ಲ. ಲಿಬ್ರೆ ಆಫೀಸ್ ಎಂಬುದು ಉಚಿತವಾಗಿ ದೊರೆಯುತ್ತದೆ. ತಾರೀಖು, ಸರ್ವೆ ನಂಬರು, ಬೆಳೆ, ಬಾಬು, ಪ್ರಮಾಣ, ಮೊಬಲಗು ಎಂಬ ಆರು ಕಲಮುಗಳ ಪಟ್ಟಿಯೊಂದು ಸಾಕು. ಬೀಜ, ಗೊಬ್ಬರ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಸಾಗಾಣಿಕೆ ಇವನ್ನು ಆಯಾ ದಿನವೇ ಬರೆಯುತ್ತ ಹೋದರೆ, ವರ್ಷಾಂತ್ಯದಲ್ಲಿ ಯಾವ ಹೊಲವು ಯಜಮಾನನನ್ನು ಸಾಕುತ್ತಿದೆ, ಯಾವ ಹೊಲವನ್ನು ಯಜಮಾನನು ಸಾಕುತ್ತಿದ್ದಾನೆ ಎಂಬುದು ನಿಮಿಷಮಾತ್ರದಲ್ಲಿ ವಿಶದವಾಗುವುದು. ಕಾಗದದ ಕಿರ್ದಿಯಲ್ಲಿ ಇದನ್ನು ತಿಳಿಯಲು ಎರಡು ದಿನದ ಕೂಡುವಿಕೆ ಬೇಕಾಗುತ್ತಿದ್ದಿತು. ಆದಕಾರಣ ಯಾರೂ ತಿಳಿಯಲೆತ್ನಿಸುತ್ತಿರಲಿಲ್ಲ.

ಈ ಪಟ್ಟಿಯನ್ನು ಬರೆಯುವಾಗ ಎರಡು ಮೋಸಗಳನ್ನು ಗಮನದಲ್ಲಿಡಬೇಕು. ಯಂತ್ರಕ್ಕೆ ಗುಂಟೆಯು ತಿಳಿಯದು. 2 ಎಕರೆ 20 ಗುಂಟೆಯನ್ನು 2.20 ಎಂದೂ, 1 ಎಕರೆ 30 ಗುಂಟೆಯನ್ನು 1.30 ಎಂದೂ ಬರೆದು ಕೂಡಿಸಿದರೆ ಯಂತ್ರವು 3.50 ಎನ್ನುವುದು, ನೋಡಿದವರು ಮೂರೂವರೆ ಎಕರೆಯೆಂದು ತಿಳಿಯುವರು. 40 ಗುಂಟೆಗೆ ಒಂದು ಎಕರೆಯಾದ್ದರಿಂದ ನಿಜವಾದ ಮೊತ್ತವು 4 ಎಕರೆ 10 ಗುಂಟೆ. ಮುಕ್ಕಾಲು ಎಕರೆಯು ಲೆಕ್ಕದಲ್ಲಿಯೇ ಮಾಯವಾಯಿತು! ಆದ್ದರಿಂದ ವಿಸ್ತೀರ್ಣವನ್ನೆಲ್ಲ ಗುಂಟೆಗೆ ತಿರುಗಿಸಿ ಬರೆದು, ಮೊತ್ತವನ್ನು 40ರಿಂದ ಭಾಗಿಸತಕ್ಕದ್ದು. ಎರಡನೆಯದು ಸರ್ವೆ ನಂಬರಿನ ವಿಷಯ. 12/3 ಎಂದು ಬರೆದರೆ ಯಂತ್ರವು ಅದನ್ನು ತಾರೀಖೆಂದು ಭಾವಿಸಿ ಮಾರ್ಪಡಿಸಿಬಿಡಬಹುದು. ಆ ಕಲಮನ್ನು ಬರೆಯುವ ಮೊದಲೇ ‘ಪಠ್ಯ’ವೆಂದು ಗೊತ್ತುಮಾಡಿದರೆ ಈ ತೊಂದರೆಯಿಲ್ಲ. ನಗರದಲ್ಲಿ ಬೆಳೆದ ಹುಡುಗನಿಗೆ ಈ ತಪ್ಪುಗಳು ತಪ್ಪೆಂದೇ ತೋರುವುದಿಲ್ಲ; ಭೂಮಿಯನ್ನು ಬಲ್ಲ ಯಜಮಾನನ ಕಣ್ಣಿಗೆ ಕೂಡಲೇ ಕಾಣುವುವು. ಯಜಮಾನರೇ ಕಲಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ಪಾಲನೆ ಮತ್ತು ಎಚ್ಚರಿಕೆ

ಬಹುತೇಕ ನೋಟ್‌ಬುಕ್ಕುಗಳು 35 ಡಿಗ್ರಿ ಸೆಲ್ಸಿಯಸ್ ವರೆಗಿನ ಉಷ್ಣತೆಯಲ್ಲಿ ಕೆಲಸ ಮಾಡಲು ನಿರ್ಮಿತವಾದವು. ರಾಯಚೂರು, ಕಲಬುರಗಿಗಳ ಬೇಸಗೆಯು 40 ಡಿಗ್ರಿಯನ್ನು ದಾಟುವುದರಿಂದ ಅಲ್ಲಿ ಬೆಳಗಿನ ಅಥವಾ ರಾತ್ರಿಯ ಹೊತ್ತೇ ಯಂತ್ರಕ್ಕೆ ಯೋಗ್ಯವಾದುದು. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿಯು ಮುಚ್ಚುವುದು, ಮೇಜಿನ ಮೇಲಿಡಬೇಕು. ಒಕ್ಕಣೆಯ ಕಾಲದಲ್ಲಿ ಕಣದ ಹತ್ತಿರ ತೆರೆಯಕೂಡದು. ಹೊಟ್ಟಿನ ದೂಳು ಒಳಗಿನ ಫ್ಯಾನಿಗೆ ಶತ್ರು. ಬ್ಯಾಟರಿಯನ್ನು ಸದಾ ತುಂಬಿಟ್ಟರೂ ಪೂರ್ತಿ ಬರಿದುಮಾಡಿದರೂ ಆಯುಸ್ಸು ಕುಂದುವುದು. ಶೇಕಡ 20ರಿಂದ 80ರೊಳಗೆ ಇಟ್ಟುಕೊಳ್ಳುವುದು ಹಿತ. ಗುಡುಗುಮಿಂಚಿನ ಸಮಯದಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು.

ಅಗ್ಗವೆಂದು ಹಳೆಯ ಯಂತ್ರವನ್ನು ಕೊಳ್ಳುವವರು ಒಂದು ಸಂಗತಿಯನ್ನು ವಿಚಾರಿಸಿಕೊಳ್ಳಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ನ್ನು ಹೊರಲಾರದ ಯಂತ್ರವನ್ನು ಹಣದ ವ್ಯವಹಾರಕ್ಕೆ ನೆಚ್ಚುವುದು ಕ್ಷೇಮವಲ್ಲ.

ಗುಟ್ಟಿನ ಸಂಖ್ಯೆಯನ್ನು ಯಾರು ಕೇಳಿದರೂ ಹೇಳಕೂಡದು. ಪಿಎಂ ಕಿಸಾನ್ ಹಣವನ್ನು ಕೊಡಿಸುತ್ತೇವೆಂದು ಬರುವ ಕೊಂಡಿಗಳನ್ನು ಒತ್ತಕೂಡದು. ಹಣವು ಹೋದುದು ತಿಳಿದೊಡನೆ 1930 ಎಂಬ ಸಂಖ್ಯೆಗೆ ದೂರು ಕೊಡತಕ್ಕದ್ದು. ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವವು ಅಷ್ಟು ಹೆಚ್ಚು. ಮನೆಯ ಲೆಕ್ಕದ ಮತ್ತೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಬೇರೆ ಕಡೆ ಇಡುವುದನ್ನೂ ಮರೆಯಬಾರದು. ಬಿತ್ತನೆ ಬೀಜವನ್ನೆಲ್ಲ ಒಂದೇ ಕಣಜದಲ್ಲಿಡುವ ರೈತನು ಯಾರಿದ್ದಾನೆ?

ಗ್ರಾಮಮುಖಂಡರ ಹೊಣೆ

ದೊಡ್ಡ ಹಿಡುವಳಿಯವರು ಮಾತ್ರ ಕಲಿತು ಸಣ್ಣ ರೈತರು ಹಿಂದುಳಿದರೆ ಹಳೆಯ ಜಗಲಿಯು ಬೇರೊಂದು ಮನೆಯ ಮುಂದೆ ಎದ್ದಂತಾಗುವುದು. ಕಲಿತ ಮುಖಂಡನು ತನ್ನ ನೆರೆಯವರ ಪಹಣಿಯನ್ನು ತಾನು ತೆಗೆದುಕೊಟ್ಟು ಋಣದಲ್ಲಿರಿಸಿಕೊಳ್ಳುವುದಕ್ಕಿಂತ, ಅವರೇ ತೆಗೆದುಕೊಳ್ಳುವಂತೆ ಪಕ್ಕದಲ್ಲಿ ಕುಳಿತು ತೋರಿಸುವುದು ಶ್ರೇಯಸ್ಕರ. ಅನೇಕ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ಕಂಪ್ಯೂಟರನ್ನು ಹೊಂದಿವೆ. ವಾರಕ್ಕೊಂದು ಸಂಜೆ ಅಲ್ಲಿ ಹಿರಿಯರಿಗೂ ಹೆಂಗಸರಿಗೂ ಅಭ್ಯಾಸಕ್ಕೆ ಅವಕಾಶವನ್ನು ಕಲ್ಪಿಸುವುದು ಪಂಚಾಯತಿಯ ಸದಸ್ಯರಿಗೆ ಅಸಾಧ್ಯವಾದ ಕಾರ್ಯವಲ್ಲ. ಗಂಡನು ತೀರಿಕೊಂಡ ಬಳಿಕ ಪೌತಿ ಖಾತೆಗಾಗಿ ಅಲೆಯುವ ಹೆಂಗಸಿಗೆ ತನ್ನ ಅರ್ಜಿಯು ಎಲ್ಲಿ ನಿಂತಿದೆಯೆಂಬುದನ್ನು ತಾನೇ ನೋಡಿಕೊಳ್ಳುವ ಶಕ್ತಿಯು ಬಂದರೆ, ಅದು ಆಕೆಗೆ ಗ್ರಾಮವು ಮಾಡಿದ ದೊಡ್ಡ ಉಪಕಾರವೇ ಸರಿ.

ಬೀರುವಿನಲ್ಲಿರುವ ಯಂತ್ರವನ್ನು ಈ ತಿಂಗಳೇ ಹೊರಗೆ ತೆಗೆಯಬಹುದು. ಮೊದಲ ಪಾಠವಾಗಿ ಪ್ರತಿಯೊಬ್ಬ ಭೂಮಾಲೀಕರೂ ತಮ್ಮ ಪಹಣಿಯನ್ನು ತಾವೇ ತೆರೆದು, 9, 11 ಮತ್ತು 12ನೆಯ ಕಲಮುಗಳನ್ನು ಓದಿ, ತಪ್ಪಿದ್ದಲ್ಲಿ ಸಂಬಂಧಪಟ್ಟ ಕಛೇರಿಗೆ ಬರೆದು ತಿಳಿಸಲಿ. ಯಂತ್ರಕ್ಕೆ ಕೊಟ್ಟ ಹಣವು ಆ ಒಂದು ಓದಿನಿಂದಲೇ ಸಾರ್ಥಕವಾದರೂ ಆದೀತು.